ಎರಡಾಗಿ ಕಾಣುತ್ತಿದ್ದ ಬೆರಳು

ಆ ಐತವಾರ ಮಾಡಿದ ಕೆಲಸಗಳು: ಅಂಗಳ ಗುಡಿಸಿ ನೀರು ಚಿಮುಕಿಸಿದ್ದು. ನಳ ಬಂದಾಗ ಹಂಡೆ, ಕೊಡ ತುಂಬಿಸಿದ್ದು. ತೊಗರಿಬೇಳೆಯಲ್ಲಿನ ಹರಳು ಆರಿಸಿದ್ದು. ಅತ್ತೆಯವರ ತಲೆಗೆ ಎಣ್ಣೆ ಹಚ್ಚಿದ್ದು. ಕುಪ್ಪಸಕ್ಕೆ ಗುಂಡಿ ಹಚ್ಚಿದ್ದು. ಓಣಿಯ ತುದಿಯ ಮನೆಯಲ್ಲಿ ತೂಗಾಡುತ್ತಿದ್ದ ಒಂದು ವೈರಿನ ಕೊನೆಗೆ, ಅದು ಕೇಳಿದಷ್ಟೇ ರೆಸಿಸ್ಟೆನ್ಸ್ ಕೊಟ್ಟಿದ್ದು. ಈ ಕೊನೆಯದನ್ನು ಮಾಡಿದವರು ನಮ್ಮ ಮನೆಯವರು. ಆದರೆ ಮನೆಯ ಹೆಂಗಸರೆಲ್ಲ ಕೈ ಹಚ್ಚದೆ ಅದು ಆಗಲಿಲ್ಲ, ಹಾಗಾಗಿ ನನ್ನ ಕೆಲಸಗಳ ಸಾಲಿಗೂ ಸೇರಿಸಿಕೊಂಡಿದ್ದೇನೆ.

ಆಗ ನಾವು ಜೇವರ್ಗಿಯಲ್ಲಿದ್ದೆವು. ಮನೆಯವರದು ಬಸ್‌ಸ್ಟ್ಯಾಂಡ್ ಹತ್ತಿರ ರೇಡಿಯೊ, ಟಿವಿ ರಿಪೇರಿ ಅಂಗಡಿ. ಊರಿಗೆ ಕೇಬಲ್ಲು ಇನ್ನೂ ಬಂದಿರಲಿಲ್ಲ. ನಮ್ಮ ಮಾಳಿಗೆಯ ಮೇಲೆ ಉದ್ದನೆಯ ಪೈಪಿಗೆ ಕಟ್ಟಿದ ಆ್ಯಂಟೆನಾದಿಂದ ಎರಡು ಮನೆಗೆ ಚಿತ್ರ ಹೋಗುತ್ತಿತ್ತು. ಒಂದು ನಮ್ಮದು. ಇನ್ನೊಂದು, ಮಾಳಿಗೆಯಿಂದ ಮಾಳಿಗೆಗೆ ವೈರು ಎಳೆದು, ಓಣಿಯ ತುದಿಯಲ್ಲಿದ್ದ ಖಾಲಾ ಅವರ ಮನೆ. ಅವರು ನಮಗೆ ರಕ್ತಸಂಬಂಧಿಯಲ್ಲ. ಇಡೀ ಓಣಿಯೇ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿತ್ತು.

ಮನೆಯಲ್ಲಿ ನನ್ನ ನಾದಿನಿ ಇದ್ದಳು. ಚಿಕ್ಕಂದಿನಲ್ಲಿ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಇದ್ದು ಕೈಮಾತು ಕಲಿತು ಬಂದಿದ್ದಳು. ಆದರೆ ಊರಿಗೆ ಬಂದ ಮೇಲೆ ಆ ಮಾತು ಆಡಲು ಜೊತೆಗೆ ಯಾರೂ ಇರಲಿಲ್ಲ. ನಮಗೆ ಬರುತ್ತಿದ್ದುದು ನೀರು, ಊಟ, ಬಾ, ಹೋಗು, ಇಷ್ಟೇ. ಪೂರಾ ವಾಕ್ಯ ಕಟ್ಟಿ ಅವಳೊಡನೆ ಮಾತಾಡುತ್ತಿದ್ದವರೆಂದರೆ ಐತವಾರ ಮಧ್ಯಾಹ್ನ ಟಿವಿಯಲ್ಲಿ ಕೈಮಾತಿನಿಂದ ಕಿವುಡರ ವಾರ್ತೆ ಹೇಳುವ ಆ ಹೆಣ್ಣುಮಗಳು ಒಬ್ಬರೇ. ಆ ಹೊತ್ತಿಗೆ ನಾದಿನಿ ಮುಖ ತೊಳೆದು, ಹೆಣಿಲು ಹಾಕಿಕೊಂಡು, ಯಾರೋ ಮನೆಗೆ ಬರುವವರಿದ್ದಾರೆ ಎಂಬಂತೆ ಟಿವಿ ಮುಂದೆ ಕುಳಿತಿರುತ್ತಿದ್ದಳು.

ಆ ವರ್ಷ ಬೇಸಿಗೆ ಮುಗಿಯುತ್ತ ಬಂದಾಗ ಅವಳು ವಾರ್ತೆಯ ನಡುವೆಯೇ ಕಣ್ಣುಜ್ಜಿಕೊಳ್ಳತೊಡಗಿದಳು. ಆಮೇಲೆ ಎದ್ದು ಹೋಗತೊಡಗಿದಳು. ಕಡೆಗೆ ಆ ಹೊತ್ತಿಗೆ ಟಿವಿ ಹಚ್ಚುವುದನ್ನೇ ಬಿಟ್ಟು, ಒಳಗೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು.

“ಕಿವಿ ಅಂತೂ ಹೋದ್ವು, ಈಗ ಕಣ್ಣೂ ಹೊಂಟಾವೇನೊ ಯಪ್ಪಾ,” ಎಂದು ಅತ್ತೆ ಮಗನ ಮುಂದೆ ಅತ್ತರು. ಆಳಂದದ ಕಡೆಯ ಗಟ್ಟಿ ಹೆಂಗಸು ಅವರು. ಮಾವನವರು ತೀರಿಕೊಂಡಾಗ ಬಿಟ್ಟರೆ ಅವರು ಅತ್ತಿದ್ದನ್ನು ನಾನು ನೋಡಿರಲಿಲ್ಲ.

ಗುಲ್ಬರ್ಗಾಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಗೋಡೆಗೆ ತೂಗುಹಾಕಿದ ಅಕ್ಷರಗಳನ್ನು ಎಲ್ಲಕ್ಕಿಂತ ಸಣ್ಣ ಸಾಲಿನವರೆಗೂ ನಾದಿನಿ ಬರೆದು ತೋರಿಸಿದಳು. ಕಣ್ಣಿಗೆ ಏನೂ ಆಗಿಲ್ಲ ಎಂದರು. ಅತ್ತೆಗೆ ನಂಬಿಕೆ ಬರಲಿಲ್ಲ. “ಅಕ್ಷರ ಕಂಡ್ರ ಏನಾತು? ಮಂದಿ ಕಾಣ್ಬೇಕಲ್ಲ,” ಎಂದು ಬಸ್ಸಿನುದ್ದಕ್ಕೂ ಗೊಣಗಿದರು.

ಮನೆಗೆ ಬಂದ ಮೇಲೆ ನಾದಿನಿಯೇ ನನ್ನ ಕೈ ಹಿಡಿದು ಟಿವಿ ಮುಂದೆ ನಿಲ್ಲಿಸಿದಳು. ತನ್ನ ತೋರುಬೆರಳು ಎತ್ತಿದಳು. ಅದರ ಪಕ್ಕಕ್ಕೆ ನನ್ನ ಬೆರಳನ್ನು ಒಂದು ಕೂದಲೆಳೆ ಬಿಟ್ಟು ನಿಲ್ಲಿಸಿ, ಟಿವಿ ತೋರಿಸಿ, ತಲೆ ಅಲ್ಲಾಡಿಸಿದಳು. ಒಂದು ಬೆರಳು ಎರಡಾಗಿ ಕಾಣುತ್ತಿದೆ ಎಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮನೆಯವರು ಬಂದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತು ನೋಡಿದರು. ಹೌದು, ಪ್ರತಿಯೊಂದರ ಬಲಕ್ಕೂ ಒಂದು ಮಸುಕು ನೆರಳು. ದೊಡ್ಡ ಮುಖಗಳಲ್ಲಿ ಗೊತ್ತಾಗುತ್ತಿರಲಿಲ್ಲ, ಸಣ್ಣ ಬೆರಳುಗಳಲ್ಲಿ ಗೊತ್ತಾಗುತ್ತಿತ್ತು. ನಾವು ಟಿವಿ ನೋಡುತ್ತೇವೆ ಎನ್ನುತ್ತಿದ್ದೆವು ಅಷ್ಟೇ. ಪಲ್ಯ ಹೆಚ್ಚುತ್ತ, ಅರಿವೆ ಮಡಚುತ್ತ ಕೇಳುತ್ತಿದ್ದೆವು. ನೋಡುತ್ತಿದ್ದವಳು ಅವಳೊಬ್ಬಳೇ.

“ಖಾಲಾರ ಮನ್ಯಾಗ ಟಿವಿ ಅದನೊ ಇಲ್ಲೊ?” ಎಂದು ಮನೆಯವರು ಕೇಳಿದರು.

“ಅಫಜಲಪುರಕ್ಕ ಮಗಳ ಮನಿಗೆ ಕಳಸ್ಯಾರಲ್ರಿ. ವೈರ್ ಮೊಳಿಗೆ ಸುತ್ತಿಟ್ಟಾರ,” ಎಂದೆ.

“ಅದೇ ನೋಡು. ಸಿಗ್ನಲ್ ವೈರಿನಾಗ ಹೋಗತದ. ತುದೀಗೆ ಟಿವಿ ಇದ್ರ ಬಂದಿದ್ದೆಲ್ಲಾ ನುಂಗತದ. ಇಲ್ಲಂದ್ರ? ನೀ ಬೀಗರ ಮನಿಗೆ ಹೋದಿ, ಅವರು ಕೀಲಿ ಹಾಕ್ಕೊಂಡು ಹೋಗ್ಯಾರ. ಏನ್ ಮಾಡ್ತಿ? ತಿರುಗಿ ಬರ್ತಿ. ಹಂಗ ತಡಾ ಮಾಡಿ ತಿರುಗಿ ಬಂದದ್ದೇ ಈ ಎರಡನೇ ಬೆರಳು.”

“ಹಂಗಾದ್ರ ಕತ್ತರಿಸಿ ಒಗೀರಿ ಆ ವೈರ್.”

“ಖಾಲಾ ಬಿಡ್ತಾರೇನು? ರಂಜಾನಕ್ಕ ಮಗ ಹೊಸಾ ಟಿವಿ ತರಾಂವ ಇದ್ದಾನ. ಟಿವಿ ಹೋತಂತ ನಂಟನೂ ಕಡಕೊಂಡ್ರಿ ಅಂತಾರ.”

ಟಿವಿ ಇಲ್ಲದಿದ್ದರೂ ಇದ್ದಂತೆ ವೈರಿಗೆ ಅನಿಸಬೇಕು. ಅದಕ್ಕೆ ತುದಿಯಲ್ಲಿ, ಬಂದ ಸಿಗ್ನಲ್ ನುಂಗುವ ಒಂದು ರೆಸಿಸ್ಟೆನ್ಸ್ ಕೂಡಿಸಬೇಕು. ಅದು ಹೆಚ್ಚಾದರೂ ಸಿಗ್ನಲ್ ತಿರುಗಿ ಬರುತ್ತದೆ, ಕಡಿಮೆಯಾದರೂ ತಿರುಗಿ ಬರುತ್ತದೆ. ಲೆಕ್ಕದ ಪ್ರಕಾರ ಎಪ್ಪತ್ತೈದು ಓಮ್. ಆದರೆ ನಮ್ಮ ವೈರು ಬಿಸಿಲು ಮಳೆ ತಿಂದದ್ದು, ನಡುವೆ ಜೋಡು ಹಾಕಿದ್ದು. ಅದಕ್ಕೆ ಎಷ್ಟು ಬೇಕು ಅಂತ ಅದನ್ನೇ ಕೇಳಬೇಕಾಗಿತ್ತು. ಅದಕ್ಕೇ ಆ ಐತವಾರ ಬೆಳಿಗ್ಗೆ ಮನೆಯವರು ಅಂಗಡಿಯಿಂದ ಒಂದು ಪ್ರಿಸೆಟ್ ತಂದರು. ಕುಪ್ಪಸದ ಗುಂಡಿಯಷ್ಟೇ ದೊಡ್ಡದು; ಸ್ಕ್ರೂ ಡ್ರೈವರಿನಿಂದ ತಿರುಗಿಸಿದರೆ ರೆಸಿಸ್ಟೆನ್ಸ್ ಹೆಚ್ಚು ಕಡಿಮೆ ಆಗುತ್ತದೆ. ಅದನ್ನು ಖಾಲಾರ ಮನೆಯಲ್ಲಿ ವೈರಿನ ತುದಿಗೆ ಬೆಸೆದು ಕುಳಿತರು.

ಅಲ್ಲಿಂದ ಕೂಗಿದರು: “ಹೆಂಗದ?”

ಟಿವಿ ಮುಂದಿನಿಂದ ಅತ್ತೆ ಕೂಗಿದರು: “ಬಂತು, ಬಂತು! ಭಾಳ ಛಲೋ ಬಂತು!”

“ನಾ ಇನ್ನಾ ಕೈನೇ ಹಚ್ಚಿಲ್ಲ ಯವ್ವಾ! ಏನ್ ಬಂತು?”

“ಆವಾಜ ಛಲೋ ಅದಲ್ಲೊ!”

ಆ್ಯಂಟೆನಾ ತಿರುಗಿಸುವಾಗಲೆಲ್ಲ ನಮ್ಮ ಕಡೆ ಹೀಗೇ. ಮಾಳಿಗೆಯ ಮೇಲಿದ್ದವರಿಗೆ ಕೆಳಗಿನವರು ಕಿವಿಯಿಂದಲೇ ತೀರ್ಪು ಕೊಡುತ್ತಿದ್ದರು.

“ಯವ್ವಾ, ನಿನ್ನ ಕಿವಿ ಬ್ಯಾಡ. ಆಕಿ ಕಣ್ಣು ಬೇಕು,” ಎಂದರು ಮನೆಯವರು. ಅತ್ತೆಯನ್ನು ಎಬ್ಬಿಸಿ ನಾದಿನಿಯನ್ನು ಕೂಡಿಸಿದೆವು. ಅವಳು ಕಿಟಕಿಯಿಂದ ಕೈ ಮಾಡಬೇಕು, ಕಟ್ಟೆಯ ಮೇಲೆ ನಿಂತ ನಾನು ಅದನ್ನು ನೋಡಿ ಕೈ ಮಾಡಬೇಕು, ತಮ್ಮ ಬಾಗಿಲಲ್ಲಿ ನಿಂತ ಖಾಲಾ ನನ್ನನ್ನು ನೋಡಿ ಒಳಗೆ ಹೇಳಬೇಕು.

ನಾದಿನಿ ಹೆಬ್ಬೆರಳು ತೋರುಬೆರಳು ಕೂಡಿಸಿ, ಸ್ವಲ್ಪ, ಎಂದಳು. ನಾನೂ ಹಾಗೇ ಮಾಡಿದೆ. ಖಾಲಾ ಎರಡೂ ತೋಳು ಚಾಚಿ, “ಥೋಡಾ ಅಂತಾಳ್ರೀ, ಥೋಡಾ!” ಎಂದರು.

“ಥೋಡಾ ಅಂತ ಅಷ್ಟ್ ಉದ್ದ ಕೈ ಮಾಡ್ತೀರಲ್ರಿ ಖಾಲಾ!” ಎಂದರು ಒಳಗಿನಿಂದ ಮನೆಯವರು.

“ಅರೇ ಬೇಟಾ, ನಿನಗ ಕಾಣ್ಲಿ ಅಂತ!”

ಕಪ್ಪು ನೆರಳು ತೆಳುವಾಯಿತು. ಇನ್ನಷ್ಟು ತಿರುಗಿಸಿದಾಗ ಅದು ಹೋಗಿ, ಅದೇ ಜಾಗದಲ್ಲಿ ಬೆಳ್ಳನೆಯ ಗೆರೆ ಮೂಡಿತಂತೆ. ನಾದಿನಿ ಕೈ ಹಿಂದಕ್ಕೆ ಬೀಸಿದಳು. ಹಿಂದಕ್ಕೆ ಬಂದರೆ ಮತ್ತೆ ಕಪ್ಪು. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ. ಅವಳು ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಅಂಗೈ ಚಪ್ಪಟೆ ಮಾಡಿ ಹಾಗೇ ಹಿಡಿದಳು.

“ಸಾಕಂತ್ರೀ!” ಎಂದು ನಾನು ಕೂಗಿದೆ.

ಮನೆಯವರು ಮೀಟರಿನಿಂದ ಅಳೆದು, ಪ್ರಿಸೆಟ್ ಬಿಚ್ಚಿ, ಎರಡು ಸಣ್ಣ ರೆಸಿಸ್ಟರ್ ಕೂಡಿಸಿ ಅಷ್ಟೇ ಮಾಡಿ ಬೆಸೆದರು. ಎಷ್ಟೋ ವರ್ಷಗಳ ಮೇಲೆ ಅವರು ಒಂದು ಪತ್ರಿಕೆ ಓದುತ್ತ ಕುಳಿತವರು ನನ್ನನ್ನು ಕರೆದು ಹೇಳಿದರು: ಈಗ ಕಂಪ್ಯೂಟರಿನ ಚಿಪ್ ಒಳಗೇ ಈ ರೆಸಿಸ್ಟೆನ್ಸ್ ಇರುತ್ತದಂತೆ, ಚೂರು ಚೂರಾಗಿ. ಚಿಪ್ ಬಿಸಿಯಾದರೆ ಲೆಕ್ಕ ತಪ್ಪುತ್ತದೆಂದು, ಅದೇ ಒಂದೊಂದು ಚೂರು ಕೂಡಿಸಿ, ಒಂದೊಂದು ಬಿಟ್ಟು, ತನ್ನನ್ನು ತಾನೇ ಸರಿ ಮಾಡಿಕೊಳ್ಳುತ್ತದಂತೆ. “ಅಷ್ಟ್ ಸಣ್ಣದರಾಗ ಥೋಡಾ ಅಂತ ಹೇಳವ್ರು ಯಾರ್ರಿ?” ಎಂದು ನಾನು ಕೇಳಿದೆ. ನಕ್ಕರು.

ಆ ಐತವಾರ ಮಧ್ಯಾಹ್ನ ವಾರ್ತೆ ಶುರುವಾಯಿತು. ನಾದಿನಿ ಮುಖ ತೊಳೆದಿರಲಿಲ್ಲ, ಕೂದಲೂ ಕಟ್ಟಿರಲಿಲ್ಲ; ನೆಚ್ಚಿಕೊಳ್ಳಲು ಹೆದರಿಕೆ ಇರಬೇಕು. ಬಾಗಿಲಿಗೆ ಆನಿಕೊಂಡೇ ನಿಂತಿದ್ದಳು. ಟಿವಿಯ ಆ ಹೆಣ್ಣುಮಗಳು ಕೈ ಎತ್ತಿದರು. ನೋಡನೋಡುತ್ತ ನಾದಿನಿ ಅಲ್ಲೇ ಕೆಳಗೆ ಕುಳಿತಳು. ಅವಳ ಬೆರಳುಗಳು ಮಡಿಲಲ್ಲಿ ಸಣ್ಣಗೆ ಅದನ್ನೇ ಆಡತೊಡಗಿದವು. ಅತ್ತೆ ಟಿವಿ ನೋಡಲಿಲ್ಲ, ಆ ಬೆರಳುಗಳನ್ನೇ ನೋಡಿದರು.

ವಾರ್ತೆ ಮುಗಿದ ಮೇಲೆ ಅತ್ತೆ ಮಗಳ ಗದ್ದ ಹಿಡಿದು, ಏನಂದರು, ಎಂದು ಕೈ ತಿರುಗಿಸಿ ಕೇಳಿದರು. ಟಿವಿಯ ಆ ಶುದ್ಧ ಹಿಂದಿ ಅತ್ತೆಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನಾದಿನಿ ಮಳೆ ಸುರಿಸಿದಳು, ಹೊಳೆ ತುಂಬಿಸಿದಳು, ಎರಡು ಕೈಗಳಿಂದ ಸೇತುವೆ ಕಟ್ಟಿ ಬೀಳಿಸಿದಳು.

“ಅಯ್ಯ ಶಿವನೇ! ಮಂದಿ?” ಎಂದರು ಅತ್ತೆ.

ನಾದಿನಿ ಕೈಯಾಡಿಸಿ ಎಲ್ಲರೂ ದಾಟಿದರು ಎಂದಳು. ಅತ್ತೆ ಎದ್ದು ಹೋಗಿ ಓಣಿಯಲ್ಲಿ ನಿಂತವರಿಗೆಲ್ಲ ಸೇತುವೆಯ ಸುದ್ದಿ ಹೇಳಿದರು. ಯಾರು ಹೇಳಿದರು ಎಂದು ಕೇಳಿದವರಿಗೆ, “ನನ್ನ ಮಗಳು ಹೇಳ್ಯಾಳ,” ಎಂದರು.

ರಾತ್ರಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಖಾಲಾ ಒಂದು ಬಟ್ಟಲು ಶಾವಿಗೆ ಪಾಯಸ ಕಳಿಸಿದ್ದರು. ಅತ್ತೆ ಒಂದು ರೊಟ್ಟಿ ಹೆಚ್ಚೇ ತಿಂದರು, ಕೈ ತೊಳೆದವರು ಮಗಳ ಹಾಸಿಗೆಯ ಪಕ್ಕಕ್ಕೆ ತಮ್ಮದು ಹಾಸಿಕೊಂಡರು. ನಾನು ತಾಟು ತಿಕ್ಕಿ ಬರುವಷ್ಟರಲ್ಲಿ ಎಲ್ಲರಿಗಿಂತ ಮೊದಲು ಅವರಿಗೇ ನಿದ್ದೆ ಹತ್ತಿತ್ತು.