ಭೋಜರಾಜ ಮಾಷ್ಟ್ರಿಗೆ ಬೇಕಿದ್ದ ಒಂದು ಸ್ವಂತ ವಾಕ್ಯ

"ತ್ರಾಸಿ ಕಡಲಿಗೆ ಹಾಕಿದ ಬಂಡೆಕಲ್ಲಿಗೂ ನಾನ್ ಇಂಗ್ಲಿಷ್ ಪ್ರಬಂಧ ಬರೆಸ್ತೆ ಕಾಣಿ. ಕಲ್ಲಿಗೆ ಕೈ ಇಲ್ಲ ಅಂಬುದೊಂದೇ ತೊಂದ್ರೆ."

ಹೀಗೆ ಹೇಳಿ ಭೋಜರಾಜ ಶೆಟ್ಟರು ಸ್ಟಾಫ್ ರೂಮಿನಲ್ಲಿ ಹಿಂದಕ್ಕೆ ಒರಗಿದರೆ ಅವರ ಕುರ್ಚಿಯೂ ಹೌದುಹೌದೆಂದು ಕಿರುಗುಟ್ಟುತ್ತಿತ್ತು. ತ್ರಾಸಿಯ ಹೆದ್ದಾರಿ ಬದಿಯ ಹೈಸ್ಕೂಲಿಗೆ ಅವರು ಇಂಗ್ಲಿಷ್ ಮಾಷ್ಟ್ರು. ಮನೆ ಬಸ್ರೂರಿನಲ್ಲಿ. ಅಣ್ಣತಮ್ಮಂದಿರೆಲ್ಲ ಗದ್ದೆ ಗೇಣಿಗೆ ಕೊಟ್ಟು ಮುಂಬಯಿಗೆ ಹೋಗಿ ಹೋಟೆಲು ಹಾಕಿದಾಗ, ಇವರೊಬ್ಬರೇ ಸ್ಕೂಟರು ಹತ್ತಿ ಶಾಲೆಗೆ ಬಂದವರು. "ನೀವ್ ಇಡ್ಲಿ ಬೇಯ್ಸಿ, ನಾನ್ ಮಕ್ಕಳನ್ನ ಬೇಯ್ಸ್ತೆ" ಎಂದು ಅವರಿಗೆ ಹೇಳಿದ್ದರಂತೆ. ಬೇಯಿಸಿದ್ದಂತೂ ಸುಳ್ಳಲ್ಲ.

ಮಾಷ್ಟ್ರ ವಿಧಾನ ಕೊಟ್ಟೆ ಕಡುಬಿನದು. ಹಲಸಿನೆಲೆಗೆ ಕಡ್ಡಿ ಚುಚ್ಚಿ ಲೋಟದ ಹಾಗೆ ಕೊಟ್ಟೆ ಕಟ್ಟಿಟ್ಟರೆ ಆಯಿತು, ಯಾವ ಹಿಟ್ಟು ಹೊಯ್ದರೂ ಏಳುವುದು ಕೊಟ್ಟೆಯ ಆಕಾರವೇ. ಹಾಗೆ ಅವರು ಒಂದು ಪ್ರಬಂಧ ಕಟ್ಟಿಟ್ಟಿದ್ದರು. ಕವಿ ಬಹಳ ದೊಡ್ಡ ಕವಿ. ಈ ಪದ್ಯದಲ್ಲಿ ಕವಿ 'ಬ್ಯೂಟಿ ಆಫ್ ನೇಚರ್' ಸವಿಯುತ್ತಾನೆ. ಉಪಮೆಗಳು ಮನೋಹರವಾಗಿವೆ. ಬದುಕೂ ಹೀಗೆಯೇ ಅಲ್ಲವೇ? ಆದ್ದರಿಂದ ನಾವು ಈ ನೀತಿ ಕಲಿಯಬೇಕು. ನಡುನಡುವೆ ಖಾಲಿ ಜಾಗ. ಅಲ್ಲಿ ಪದ್ಯದ ಹೆಸರು ಹೊಯ್ದರೆ ಸೈ. ಬೋರ್ಡಿನ ಮೇಲೆ ಬರೆಯುವುದು, ಮಕ್ಕಳು ಇಳಿಸಿಕೊಳ್ಳುವುದು, ಮರುದಿನ ಬೆಳಿಗ್ಗೆ ಮಗ್ಗಿಯ ಹಾಗೆ ಒಟ್ಟಾಗಿ ಕೂಗುವುದು. ಆ ಕೂಗಿಗೆ ಅಂಗಳದ ಗೋಳಿಮರದ ಕಾಗೆಗಳಿಗೂ ಎರಡನೇ ಪ್ಯಾರಾ ಬಾಯಿಗೆ ಬಂದಿತ್ತು. ಮುಂಬಯಿಯ ಹೋಟೆಲೊಂದರಲ್ಲಿ ದೋಸೆ ಹೇಗಿದೆ ಎಂದು ಗಿರಾಕಿಯೊಬ್ಬ ಇಂಗ್ಲಿಷಿನಲ್ಲಿ ಕೇಳಿದಾಗ, ಮಾಷ್ಟ್ರ ಹಳೆಯ ಶಿಷ್ಯ ಕಣ್ಣು ಮುಚ್ಚಿ, "ಈ ದೋಸೆಯಲ್ಲಿ ಬ್ಯೂಟಿ ಆಫ್ ನೇಚರ್ ಇದೆ" ಅಂದನಂತೆ. ಗಿರಾಕಿ ಇನ್ನೊಂದು ದೋಸೆ ತೆಗೆದುಕೊಂಡ ಎಂಬುದು ಮಾಷ್ಟ್ರ ವಾದ.

ಫಲಿತಾಂಶ ಪ್ರತಿ ವರ್ಷ ನೂರಕ್ಕೆ ನೂರು. ಕಡುಬು ಹಸಿ ಉಳಿದದ್ದೇ ಇಲ್ಲ.

ಅವರ ನಿವೃತ್ತಿಯ ವರ್ಷ ಬಂತು ನೋಡಿ, ಆಗ ಕೆಟ್ಟಿತು. ಹತ್ತನೆಯವರ ಪೂರ್ವಸಿದ್ಧತಾ ಪರೀಕ್ಷೆಗೆ ಯಾವನೋ ಪುಣ್ಯಾತ್ಮ ಪಠ್ಯದಲ್ಲಿಲ್ಲದ ಪದ್ಯ ಕೊಟ್ಟಿದ್ದ. ಕಡಲಿಗೆ ಹೋದ ಮಗ ತಿರುಗಿ ಬರಲಿಲ್ಲ. ತಾಯಿ ಅವನ ಅಂಗಿ ತೊಳೆದು ಬಟ್ಟೆ ಒಣಗಿಸುವ ಬಳ್ಳಿಗೆ ಹಾಕುತ್ತಾಳೆ. ಅಂಗಿ ಒಣಗುತ್ತದೆ, ತೆಗೆಯುವುದಿಲ್ಲ. ಮಳೆ ಬರುತ್ತದೆ, ಆಗಲೂ ತೆಗೆಯುವುದಿಲ್ಲ. ಪದ್ಯ ಅಷ್ಟೇ. ಕೆಳಗೆ ಪ್ರಶ್ನೆ: ಇದನ್ನು ಓದಿ ನಿಮಗೇನು ಅನಿಸಿತು? ಪದ್ಯದಿಂದಲೇ ಕಾರಣ ಕೊಟ್ಟು ಬರೆಯಿರಿ.

ಇಡೀ ಕ್ಲಾಸಿಗೆ ಒಂದೇ ಅನಿಸಿತ್ತು. ಕವಿ ಬ್ಯೂಟಿ ಆಫ್ ನೇಚರ್ ಸವಿಯುತ್ತಾನೆ. ಆದ್ದರಿಂದ ನಾವು ದಿನಾಲೂ ಬಟ್ಟೆ ತೊಳೆಯಬೇಕು.

ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುವ ಹೆಡ್‌ಮಿಸ್ ಗಿರಿಜಾ ಟೀಚರು ಉತ್ತರಪತ್ರಿಕೆಗಳನ್ನು ತಿರುವಿ ನೋಡಿ ಕನ್ನಡಕ ತೆಗೆದರು. "ಹ್ವಾಯ್ ಮಾಷ್ಟ್ರೇ, ನಿಮ್ಮ ಮಕ್ಳ್ ಬರ್ದದ್ದ್ ಓದಿರೆ ಆ ಅಮ್ಮನೂ ಕಡ್ಲಿಗೆ ಹಾರೂದೇ ಸೈ. ಬಂಡೆಕಲ್ಲಿಗೂ ಬರೆಸ್ತೆ ಅಂದಿರಲ್ದಾ? ಬರೆಸಿದ್ರಿ ಬಿಡಿ. ಕಲ್ಲೇ ಬರ್ದಂಗಿತ್ತ್."

ಮಾಷ್ಟ್ರು ನಗಲಿಲ್ಲ. ಅವರ ಕೈಯಲ್ಲಿದ್ದದ್ದು ಅನಿಷಾ ಎಂಬ ಹುಡುಗಿಯ ಪತ್ರಿಕೆ. ಅವಳ ಸೋದರಮಾವ ಬೋಟಿಗೆ ಹೋದವ ಮನೆಗೆ ಬರಲಿಲ್ಲ. ಊರಿಗೆಲ್ಲ ಗೊತ್ತಿದ್ದ ವಿಷಯ. ಅವಳೂ ಬರೆದಿದ್ದಳು, ಬ್ಯೂಟಿ ಆಫ್ ನೇಚರ್ ಎಂದು. ಮುದ್ದಾದ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ.

ಹೋಗುವ ಮೊದಲು ಈ ಶಾಲೆಯಲ್ಲಿ ಒಂದು ಮಗುವಾದರೂ ಒಂದು ಸ್ವಂತ ವಾಕ್ಯ ಬರೆಯಬೇಕು ಎಂದು ಅವರಿಗೆ ಅಂದೇ ಹುಚ್ಚು ಹತ್ತಿದ್ದು. ದೊಡ್ಡದೇನೂ ಬೇಡ, ಒಂದೇ ಒಂದು ವಾಕ್ಯ. ಪಬ್ಲಿಕ್ ಪರೀಕ್ಷೆಗೆ ಇನ್ನೂ ವಾರಗಳಿದ್ದವು.

ಮಧ್ಯಾಹ್ನ ಊಟದ ಹೊತ್ತಿಗೆ ಅನಿಷಾಳನ್ನು ಜಗಲಿಗೆ ಕರೆದರು.

"ಎಂತ ಹೆಣ್ಣೇ, ಆ ಪದ್ಯದಗೆ ಬ್ಯೂಟಿ ನಿಂಗೆ ಎಲ್ಲಿ ಕಂಡದ್ದ್?"

"ಕಾಣ್ಲಿಲ್ಲ ಸರ್."

"ಮತ್ತೆಂತಕ್ ಬರ್ದದ್ದ್?"

"ಪ್ರಬಂಧಕ್ಕೆ ಅದೇ ಅಲ್ದಾ ಸರ್ ಬರೂದ್?"

"ಪ್ರಬಂಧ ಸಾಯ್ಲಿ. ಅಂಗಿ ಒಣಗಿರೂ ಆ ಅಮ್ಮ ಎಂತಕ್ ತೆಗೂದಿಲ್ಲ? ಅದ್ ಹೇಳ್."

ಅನಿಷಾ ಬುತ್ತಿಯ ಮುಚ್ಚಳ ಹಾಕಿದಳು. "ತೆಗೆದ್ರೆ ಮಡ್ಚ್ಕಲ್ದಾ ಸರ್. ಮಡ್ಚಿರೆ ಪೆಟ್ಟಿಗೆಯೊಳ್ಗೆ ಇಡ್ಕ್. ಪೆಟ್ಟಿಗೆಯೊಳ್ಗೆ ಇಟ್ರೆ ಹಾಕಂಬವ ಇಲ್ಲ ಅಂದೇಳಿ ಆತ್ತಲ್ದಾ. ಬಳ್ಳಿ ಮೇಲಿದ್ರೆ, ಅದ್ ಇನ್ನೂ ಒಣಗ್ಲಿಲ್ಲ ಅಂಬ ಲೆಕ್ಕ."

ಇಷ್ಟು ವರ್ಷ ಇಂಗ್ಲಿಷ್ ಕಲಿಸಿ ಮಾಷ್ಟ್ರ ಕಿವಿಗೆ ಬಿದ್ದ ಮೊದಲ ಸಾಹಿತ್ಯ ವಿಮರ್ಶೆ ಇದು. ಅದೂ ಕುಂದಾಪ್ರ ಕನ್ನಡದಲ್ಲಿ, ಬುತ್ತಿಯ ಎದುರಿಗೆ.

"ಇದನ್ನೇ ಬರೀಕ್ ಮಾರಾಯ್ತಿ! ಗೊತ್ತಿದ್ದ ಇಂಗ್ಲಿಷಗೆ ಬರಿ. ತಪ್ಪಾರೂ ಅಡ್ಡಿಲ್ಲ."

"ಇದ್ ಮನೆ ಮಾತ್ ಸರ್. ಇದ್ಕೆಲ್ಲ ಮಾರ್ಕ್ ಕೊಡ್ತ್ರಾ?"

"ಕೊಡ್ದಿದ್ರೆ ನಾನ್ ಕೇಳ್ತೆ!"

ಅಲ್ಲಿಗೆ ಸುಮ್ಮನಿದ್ದರೆ ಈ ಕಥೆ ಬೇರೆ ಇರುತ್ತಿತ್ತು. ಆದರೆ ಸಂತೋಷವಾದ ಮಾಷ್ಟ್ರ ಕೈಗೆ ಚಾಕ್‌ಪೀಸ್ ಕೊಡುವುದೂ ಕೋಳಿ ಅಂಕದ ಕೋಳಿಗೆ ಕತ್ತಿ ಕಟ್ಟುವುದೂ ಒಂದೇ. ಊಟದ ಬೆಲ್ಲು ಮುಗಿದದ್ದೇ ತಡ, ಅವರು ಕ್ಲಾಸಿಗೆ ನುಗ್ಗಿ, "ಕಾಣಿ ಮಕ್ಳೇ, ಸ್ವಂತ ಆಲೋಚನೆ ಅಂದ್ರೆ ಹೀಂಗಿರ್ಕ್" ಎಂದು ಅನಿಷಾಳ ಮಾತನ್ನು ಒಳ್ಳೆಯ ಗತ್ತಿನ ಇಂಗ್ಲಿಷಿಗೆ ತಿರುಗಿಸಿ ಬೋರ್ಡಿನ ತುಂಬ ಬರೆದರು. ಕೆಳಗೆ ಎರಡು ಗೆರೆ ಎಳೆದರು.

ಬೋರ್ಡಿನ ಮೇಲೆ ಬಂದದ್ದಕ್ಕೆ ಏನು ಮಾಡಬೇಕೆಂದು ಮಕ್ಕಳಿಗೆ ಅವರೇ ಕಲಿಸಿದ್ದರಷ್ಟೆ. ಮರುದಿನ ಬೆಳಿಗ್ಗೆ ಸ್ಕೂಟರು ಗೇಟಿನೊಳಗೆ ಬರುವಾಗ ಇಡೀ ಕ್ಲಾಸು ಅದನ್ನೇ ಕೂಗುತ್ತಿತ್ತು. ಕಾಗೆಗಳೂ ಹಳೆಯ ಪ್ಯಾರಾ ಬಿಟ್ಟು ಹೊಸತು ಹಿಡಿದಿದ್ದವು ಎಂದರೆ ನಂಬುವವರು ನಂಬಲಿ.

ಮುಂದಿನ ವಾರ ಮಾಷ್ಟ್ರು ಒಂದು ಕಿರುಪರೀಕ್ಷೆ ಇಟ್ಟರು. ಈ ಸಲ ತಾವೇ ಒಂದು ಪದ್ಯ ಕಟ್ಟಿ ಕೊಟ್ಟರು: ಕೊನೆಯ ಬಸ್ಸು ತಪ್ಪಿಸಿಕೊಂಡು ಸ್ಟ್ಯಾಂಡಿನಲ್ಲಿ ಕೂತ ಒಬ್ಬ ಮುದುಕ. ಉತ್ತರಗಳು ಬಂದವು. ಮುದುಕ ಬಸ್ಸನ್ನು ಬಳ್ಳಿಯಿಂದ ತೆಗೆಯುವುದಿಲ್ಲ. ಏಕೆಂದರೆ ತೆಗೆದರೆ ಮಡಚಬೇಕಾಗುತ್ತದೆ. ಮಡಚಿದ ಬಸ್ಸನ್ನು ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ. ಒಬ್ಬ ಬುದ್ಧಿವಂತ ಮಾತ್ರ, ಪೆಟ್ಟಿಗೆ ದೊಡ್ಡದಿರಬೇಕು ಎಂದು ಸೇರಿಸಿದ್ದ. ಸ್ವಂತ ವಾಕ್ಯ ಎಂದರೆ ಅದೊಂದೇ. ಮಾಷ್ಟ್ರು ಅದಕ್ಕೆ ಅರ್ಧ ಮಾರ್ಕು ಕೊಟ್ಟು ಹಣೆ ಒತ್ತಿಕೊಂಡರು.

ಅನಿಷಾಳ ಪತ್ರಿಕೆಯನ್ನು ಕೊನೆಗೆ ತೆಗೆದರು. ಅದರಲ್ಲಿ ಬಳ್ಳಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಕವಿ ಬ್ಯೂಟಿ ಆಫ್ ನೇಚರ್ ಸವಿಯುತ್ತಾನೆ.

"ಇದೆಂತ ಮಗಾ, ಪುನಃ ಇದಾ?"

ಅನಿಷಾ ಕಾಲಬೆರಳು ನೋಡುತ್ತ ನಿಂತಳು. "ಇದ್ ಯಾರದ್ದೂ ಅಲ್ಲ ಸರ್, ಬರೂಕ್ ಸುಲಭ. ಅಂಗಿ ಮಾತ್ ನಮ್ಮನಿ ಅಜ್ಜಿದ್. ಈಗ ನಮ್ಮ ಕ್ಲಾಸಿನ ಚರಣ್ ಕಬಡ್ಡಿ ಆಡುವತಿಗೆ ಕಬಡ್ಡಿ ಕಬಡ್ಡಿ ಅನ್ನೂದ್ ಬಿಟ್ಟ್ ಅದನ್ನೇ ಹೇಳ್ತ. ಎಲ್ಲರೂ ನೆಗಾಡ್ತ್ರ್. ಇನ್ನ್ ನಾನ್ ಎಂತ ಬರೂದ್?"

ಉತ್ತರ ಸಿಕ್ಕಿದರೆ ಅದನ್ನೂ ಬೋರ್ಡಿಗೆ ಹಾಕಿಬಿಟ್ಟೇನೋ ಎಂದು ಮಾಷ್ಟ್ರಿಗೇ ಹೆದರಿಕೆಯಾಯಿತು.

ಆಮೇಲೆ ಅವರು ಬೋರ್ಡು ಮುಟ್ಟಲಿಲ್ಲ. ಒಂದೊಂದು ಪದ್ಯ ಓದಿ, "ನಿಮ್ಗೆ ಎಂತ ಕಾಣತ್ತ್, ಹೇಳಿ" ಎಂದು ಕುರ್ಚಿಯಲ್ಲಿ ಕೂತರು. ಮಕ್ಕಳು ಪೆನ್ನಿನ ಮುಚ್ಚಳ ತೆರೆದು ಖಾಲಿ ಬೋರ್ಡು ನೋಡುತ್ತ ಕಾದವು. ಜೇಡ ಬಲೆ ಕಟ್ಟಿ ಮೊಮ್ಮಕ್ಕಳನ್ನು ಕಾಣುವಷ್ಟು ಹೊತ್ತು ಕಾದವು. ಕೊನೆಗೆ ರಮಿತಾ ಎಂಬ ಹುಡುಗಿ ಎದ್ದು ಹೋಗಿ ಚಾಕ್‌ಪೀಸ್ ತಂದು ಅವರ ಮೇಜಿನ ಮೇಲಿಟ್ಟಳು. "ಖಾಲಿ ಆಗಿತ್ತ್ ಅಂದೇಳಿ ತಂದೆ ಸರ್." ಬಡವಳಿಗೆ ಮಾಷ್ಟ್ರ ಮೇಲೆ ಕರುಣೆ ಬಂದಿತ್ತು. ಅವರು ಅನಿಷಾಳ ಕಡೆ ನೋಡಿದರು. ಅವಳು ಕಿಟಕಿಯ ಕಡೆ ನೋಡಿದಳು.

ಪಬ್ಲಿಕ್ ಪರೀಕ್ಷೆಯ ದಿನ ಬಂತು. ಕುಂದಾಪುರದ ಪರೀಕ್ಷಾ ಕೇಂದ್ರದ ಗೇಟಿನಾಚೆ ಮಾಷ್ಟ್ರು ಬಿಸಿಲಲ್ಲಿ ಕಾಯುತ್ತಿದ್ದರು, ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ. ಪಕ್ಕದಲ್ಲಿ ಕೊಡೆ ಹಿಡಿದ ಗಿರಿಜಾ ಟೀಚರು. ಬೆಲ್ಲು ಹೊಡೆಯಿತು, ಮಕ್ಕಳು ಹೊರಗೆ ಹರಿದು ಬಂದರು. ಅನಿಷಾ ಕಂಡದ್ದೇ ಮಾಷ್ಟ್ರು ಅಡ್ಡ ಹೋದರು.

"ಪದ್ಯ ಎಂತದ್ ಬಂದಿತ್ ಮಗಾ?"

"ಒಂದ್ ಮುಚ್ಚಿದ ಅಂಗಡಿ ಸರ್. ಬಾಗ್ಲ್ ಮುಂದೆ ದಿನಾ ಬಂದ್ ಕೂಕಂಬ ನಾಯಿ."

"ನಿಂಗೆ ಎಂತ ಅನ್ಸ್ತ್?"

ಹುಡುಗಿಯ ಮುಖದಲ್ಲಿ ಏನೋ ಒಂದು ಬಂತು. ಬಂದದ್ದು ಮಾಷ್ಟ್ರಿಗೂ ಕಂಡಿತು. ಅದು ಹಾಗೇ ಹೋಯಿತು.

"ಅನ್ಸ್ತ್ ಸರ್. ಆರೆ ಬರೀಲಿಲ್ಲ. ನೀವ್ ಮೊದ್ಲ್ ಕಲ್ಸದ್ದೇ ಬರ್ದೆ. ಒಂದಕ್ಷರ ಬಿಡ್ಲಿಲ್ಲ ಸರ್, ನೂರಕ್ಕೆ ನೂರ್ ಬತ್ತ್." ಅವರ ಕಾಲು ಮುಟ್ಟಿ ನಮಸ್ಕರಿಸಿ, ಬೈಂದೂರು ಬಸ್ಸಿಗೆ ಓಡಿದಳು.

ಗಿರಿಜಾ ಟೀಚರಿಗೆ ಕಣ್ಣು ತುಂಬಿ ಬಂತು. ಕೊಡೆಯನ್ನು ಮಾಷ್ಟ್ರ ತಲೆಗೂ ಹಿಡಿದರು. "ಕಂಡ್ರ್ಯಾ? ನೀವ್ ಸುಮ್ನೆ ಮಂಡೆಬಿಸಿ ಮಾಡ್ಕಂತ್ರಿ. ನೀವ್ ಹೇಳ್ಕೊಟ್ಟದ್ದ್ ಈ ಮಕ್ಳ್ ಸತ್ರೂ ಮರೂದಿಲ್ಲ. ಒಬ್ಬ ಮಾಷ್ಟ್ರಿಗೆ ಇದ್ಕಿಂತ ಇನ್ನೆಂತ ಬೇಕ್ ಮಾರಾಯ್ರೇ?"

ಭೋಜರಾಜ ಮಾಷ್ಟ್ರು ಸ್ಕೂಟರಿಗೆ ಕೀ ಹಾಕಿದರು.

"ಮರ್ತಿದ್ರೆ ಸಾಕಿತ್ತ್ ಟೀಚರ್" ಅಂದರು.