ಟರ್ಬೊ ಗಾಡಿಗೆ ಎಣ್ಣೆ ಡಬ್ಬಿ

ಗಾಡಿ ನನ್ನ ಹೆಸರಿನಲ್ಲಿದೆ. ನನಗೆ ಓಡಿಸಲು ಬರುವುದಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಸಹಿ ಮಾಡಲು ಬರುತ್ತದೆ, ಅದಕ್ಕೂ ತುಸು ಹೊತ್ತು ಹಿಡಿಯುತ್ತದೆ. ಹಿಂದಿನ ಗಾಡಿಯನ್ನು ಮಗ ಯಾರೋ ಗೆಳೆಯನ ಮಾತು ಕೇಳಿ ಒಂದೇ ಮಧ್ಯಾಹ್ನದಲ್ಲಿ ಮಾರಿ ಬಂದಿದ್ದ. ಅದಕ್ಕೇ ಈ ಸಲ ಸೊಸೆ ಹಟ ಹಿಡಿದು ನನ್ನ ಹೆಸರಿಗೆ ಮಾಡಿಸಿದಳು.

ನಾಸಿಕದಲ್ಲಿ ನಮ್ಮದು ಜೋಳದ ರೊಟ್ಟಿಯ ಸಣ್ಣ ಖಾನಾವಳಿ. ಮಗನ ಸಂಸಾರ ಸಂಭಾಜಿನಗರದಲ್ಲಿ. ಚಾಂದವಡದಿಂದ ಉಳ್ಳಾಗಡ್ಡಿ ತುಂಬಿಕೊಂಡು ಅಲ್ಲಿಗೆ ಹೋಗುತ್ತಾನೆ, ಬರುವಾಗ ವೈಜಾಪುರದಲ್ಲಿ ಸಿಕ್ಕಿದ ಮಾಲು ಹೇರಿಕೊಂಡು ಬರುತ್ತಾನೆ. ಇರುವುದು ಇದೊಂದೇ ಗಾಡಿ. ಎಂಜಿನ್ ಕೆಟ್ಟರೆ ಕಂಪನಿಯವರೇ ಸರಿ ಮಾಡಿಕೊಡುವ ವಾರಂಟಿ ಇನ್ನೂ ಒಂದು ವರ್ಷವಿತ್ತು. ಆ ವಾರಂಟಿ ನಮಗೆ ಬೇಡ ಎಂದು ಬರೆದ ಕಾಗದವನ್ನು ಮಗ ಒಂದು ಮಧ್ಯಾಹ್ನ ತಂದು ನನ್ನ ಮುಂದಿಟ್ಟ.

"ಅವ್ವಾ, ಇಲ್ಲೊಂದು ಸಹಿ ಮಾಡು. ಕ್ಯಾಚ್ ಕ್ಯಾನ್ ಹಾಕಸಾಂವ ಅದೀನಿ."

"ಅಂದ್ರ?"

"ಎಣ್ಣಿ ಹಿಡಿಯೋ ಡಬ್ಬಿ. ಎಂಜಿನ್ನು ಉಸರು ಬಿಡತೈತಲ್ಲ, ಅದರ ಜೋಡಿ ಎಣ್ಣಿ ಆವಿ ಬರತೈತಿ. ಅದು ಎಂಜಿನ್ನಿಗೆ ಗಾಳಿ ತುಂಬೋ ಟರ್ಬೊದಾಗ ಹೊಕ್ಕು ಪೈಪೆಲ್ಲಾ ಜಿಡ್ಡು ಮಾಡತೈತಿ. ನಡುವ ಈ ಡಬ್ಬಿ ಕಟ್ಟಿದ್ರ ಎಣ್ಣಿ ಅಲ್ಲೇ ನಿಲ್ಲತೈತಿ. ನಮ್ಮ ಪೈಪು ಬಿಚ್ಚಿ ನೋಡೀನಿ ಅವ್ವಾ, ಒಳಗ ಎಣ್ಣಿ ಸುರೀತೈತಿ! ಆದ್ರ ಇದನ್ನ ಹಾಕಿಸಿದ್ರ ವಾರಂಟಿ ಇಲ್ಲಂತಾರ. ಮಾಲಕರು ಬರದು ಕೊಡಬೇಕಂತ."

ಫೋನಿನಲ್ಲಿ ಡಬ್ಬಿ ತೋರಿಸಿದ. ನೀಲಿ ಬಣ್ಣ, ಥಳಥಳ ಹೊಳೆಯುತ್ತಿತ್ತು. ದೇವರ ಮುಂದೆ ಇಟ್ಟರೂ ಒಪ್ಪುವಂಥದ್ದು. ವಿಡಿಯೋದಲ್ಲಿ ಒಬ್ಬ ಅದರೊಳಗಿನ ಕರಿ ಎಣ್ಣೆಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಚುನಾವಣೆ ಗೆದ್ದವನ ಹಾಗೆ ನಗುತ್ತಿದ್ದ.

ಊಟಕ್ಕೆ ಬಂದವರು ಎಂಜಲು ಕೈಯಲ್ಲೇ ಸುತ್ತ ನೆರೆದರು. ಬಾನೆಟ್ಟಿನ ಕೆಳಗಿನ ಮಾತು ಬಂದರೆ ಗಂಡಸರಿಗೆ ಕೈ ತೊಳೆಯುವುದೂ ನೆನಪಾಗುವುದಿಲ್ಲ. ನಮ್ಮ ಕಡೆಯ ವಿಜಾಪುರದಿಂದ ವರ್ಗವಾಗಿ ಬಂದ ಬ್ಯಾಂಕಿನ ಸಾಹೇಬರೊಬ್ಬರು, "ಹಾಕಸಲೇಬೇಕ್ರಿ ಅಮ್ಮಾರ, ಫಾರಿನ್ನಾಗ ಎಲ್ಲಾರೂ ಹಾಕತಾರ" ಎಂದರು. ಇವರ ಸ್ಕೂಟರು ಚಾಲೂ ಆಗಬೇಕಾದರೆ ದಿನಾ ನನ್ನ ಬಾಗಿಲ ಮುಂದೆ ಇಬ್ಬರು ನೂಕಬೇಕು.

"ಡಬ್ಬಿ ತುಂಬಿದ್ರ ಖಾಲಿ ಮಾಡಾವ್ರು ಯಾರು?" ಎಂದೆ.

"ನಾನ ಮಾಡತೀನಿ."

"ಕಟಗೊಂಡು ಹೋದ ರೊಟ್ಟಿ ಡಬ್ಬಿ ನಾಕು ದಿನದ ಮ್ಯಾಲ ತರತಿ, ಒಳಗ ಬೂಜು ಹಿಡದಿರತೈತಿ. ಇದನ್ನ ಖಾಲಿ ಮಾಡಾಂವ ನೀನು?"

ಸಾಹೇಬರು ನಕ್ಕರು.

"ನೀವೇನ್ ನಗತೀರಿ? ನಿಮ್ಮ ತಾಟು ಇನ್ನೂ ಟೇಬಲ್ ಮ್ಯಾಲ ಐತಿ."

ಖಾಲಿ ಮಾಡದಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಮಗ ವಿಡಿಯೋವನ್ನು ಮುಂದೆ ಓಡಿಸಿದ, ಹಿಂದೆ ಓಡಿಸಿದ. ಅದರಲ್ಲಿ ಆ ಮಾತು ಇರಲಿಲ್ಲ.

ತಿಳಿದವರನ್ನು ಕೇಳದೆ ಸಹಿ ಮಾಡುವುದಿಲ್ಲವೆಂದು ಮರುದಿನ ನಾನೇ ಗಾಡಿ ಹತ್ತಿದೆ. ಸಂಭಾಜಿನಗರ ಮುಟ್ಟುವ ತನಕ ಮಗ ಡಬ್ಬಿಯ ಗುಣಗಾನ ನಡೆಸಿದ. ಮದುವೆಯಾದಾಗ ಹೆಂಡತಿಯ ಬಗ್ಗೆಯೂ ಇಷ್ಟು ಮಾತಾಡಿರಲಿಲ್ಲ.

ಅಲ್ಲಿಯ ಕಂಪನಿ ಸರ್ವೀಸ್ ಸೆಂಟರಿನ ಮಿಸ್ತ್ರಿ ಮರಾಠಿಯವನು. ಖಾಲಿ ಮಾಡುವ ಪ್ರಶ್ನೆಯನ್ನು ಅವನಿಗೂ ಹಾಕಿದೆ. ಡಬ್ಬಿ ತುಂಬಿ ದಾರಿ ಕಟ್ಟಿಕೊಂಡರೆ ಎಂಜಿನ್ನಿಗೆ ಉಸಿರು ಬಿಡಲಾಗುವುದಿಲ್ಲ ಆಜಿ, ಸಿಕ್ಕಿದ ಸಂದಿಯಿಂದ ಎಣ್ಣೆ ಹೊರಗೆ ದೂಡುತ್ತದೆ ಎಂದ. ಮಾತಾಡುತ್ತಲೇ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಅದ್ದಿ ನನ್ನ ಮುಂದೆ ಹಿಡಿದ. ಕಡ್ಡಿಯ ಮೇಲೆ ಎರಡು ಗೆರೆಗಳಿದ್ದವು. ಎಣ್ಣೆ ಆ ಎರಡರ ನಡುವೆ ಇರಬೇಕಂತೆ. ನಮ್ಮದು ಮೇಲಿನ ಗೆರೆ ದಾಟಿ ಎರಡು ಬೆರಳು ಏರಿತ್ತು.

"ಕೋಣಿ ಟಾಕ್ಲಂ ಏವಢಂ ಆಯಿಲ್?" ಇಷ್ಟು ಎಣ್ಣೆ ಹಾಕಿದವರು ಯಾರು ಎಂದು ಕೇಳಿದ.

ಮಗ ಪಕ್ಕದ ಗಾಡಿಯ ಟಾಯರನ್ನು ನೋಡತೊಡಗಿದ. "ಟ್ರಿಪ್ಪಿಗೊಮ್ಮೆ ತುಸು ತುಸು ಹಾಕತೀನಿ. ಕಡಿಮಿ ಬೀಳಬಾರದಲ್ಲ."

ಅದು ನಮ್ಮ ಖಾನಾವಳಿಯ ಕೈ. ಉಣ್ಣುವವರು ತಾಟಿಗೆ ಅಂಗೈ ಅಡ್ಡ ಹಿಡಿದು "ಸಾಕ್ರೀ, ಸಾಕ್ರೀ" ಎನ್ನುವ ತನಕ ಬಡಿಸುವುದನ್ನು ನಿಲ್ಲಿಸಬಾರದು ಎಂದು ಅವನಿಗೆ ಕಲಿಸಿದವಳು ನಾನೇ. ಎಂಜಿನ್ನಿಗೆ ಅಂಗೈ ಇಲ್ಲ. ಹೆಚ್ಚಾದ ಎಣ್ಣೆ ಒಳಗೆ ಕಡೆದು ನೊರೆಯೆದ್ದು ಉಸಿರಿನ ಜೊತೆ ಪೈಪು ಹತ್ತುತ್ತದಂತೆ. ಮೊದಲು ಎಣ್ಣೆಯನ್ನು ಗೆರೆಗೆ ತಂದು ನಿಲ್ಲಿಸುತ್ತೇನೆ, ಪೈಪು ಒರೆಸುತ್ತೇನೆ, ಒಂದು ತಿಂಗಳು ಓಡಿಸಿ ತನ್ನಿ ಎಂದ ಮಿಸ್ತ್ರಿ. ಟರ್ಬೊ ಗಾಡಿಯ ಪೈಪಿನಲ್ಲಿ ತುಸು ಜಿಡ್ಡು ಇರುವುದೇ, ಅದಕ್ಕೆ ಹೆದರಬೇಕಿಲ್ಲ ಎಂದೂ ಹೇಳಿದ.

"ಆದ್ರೂ ಸಹಿ ಮಾಡವ್ವಾ," ಎಂದ ಮಗ. ಸೀಟಿನ ಕೆಳಗಿನಿಂದ ಪೆಟ್ಟಿಗೆ ತೆಗೆದ. ಡಬ್ಬಿ ಆಗಲೇ ತಂದಿಟ್ಟಿದ್ದ! "ಗ್ರೂಪಿನಾಗ ಫೋಟೋ ಹಾಕೀನಿ. ಯಾವಾಗ ಹಾಕಸತಿ ಅಂತ ಎಲ್ಲಾರೂ ಕೇಳಾಕ ಹತ್ಯಾರ."

"ನಾಳೆ ಎಂಜಿನ್ ಕೆಟ್ರ ನಿನ್ನ ಗ್ರೂಪಿನವರು ಬಂದು ಉಳ್ಳಾಗಡ್ಡಿ ಚೀಲ ಹೊರತಾರೇನು?"

ಮಿಸ್ತ್ರಿಗೆ ಕನ್ನಡ ಬರುವುದಿಲ್ಲ, ಆದರೂ ನಕ್ಕ. ನಾನು ಸಹಿ ಮಾಡದೆ ಕಾಗದವನ್ನು ಮಗನ ಕೈಗೇ ವಾಪಸು ಕೊಟ್ಟೆ.

ತಿಂಗಳಾದ ಮೇಲೆ ಮಗ ಗಾಡಿ ತೋರಿಸಿಕೊಂಡು ಬಂದ. ಖಾನಾವಳಿಯ ಬೆಂಚಿನ ಮೇಲೆ ಕೂತು, ಸಾವಿನ ಸುದ್ದಿ ತಂದವನ ದನಿಯಲ್ಲಿ ಹೇಳಿದ: "ಪೈಪ್ ಒಣಗೈತಿ ಅವ್ವಾ. ಬೆರಳಿಗಿ ಒಂದೀಟು ಮಸಿ ಹತ್ತತು, ಅಷ್ಟ. ಏನೂ ತೊಂದ್ರಿ ಇಲ್ಲಂತ."

"ಚಲೋ ಆತಲ್ಲ."

"ವಾರಂಟಿ ಮುಗದ ಮ್ಯಾಲರ ಹಾಕಸ್ಲೇನು?"

"ಮುಗೀಲಿ, ಆಮ್ಯಾಲ ನೋಡೂಣು."

ಕೂಡಲೇ ಫೋನ್ ತೆಗೆದು, ವಾರಂಟಿ ಮುಗಿಯುವ ದಿನಕ್ಕೆ ಗುರುತು ಹಾಕಿಕೊಂಡ. ಎಂಜಿನ್ ಎಣ್ಣೆ ಬದಲಿಸುವ ದಿನಕ್ಕೂ ಗುರುತು ಹಾಕಿದ್ದೀಯೇನು ಎಂದು ಕೇಳಿದೆ.

"ಅದನ್ನ ನೀನ ನೆಪ್ಪು ಮಾಡವ್ವಾ," ಎಂದ.