ತಂಗಿ ಕಿವಿಯಲ್ಲಿ ಹೇಳಿದ್ದು

ತಂಗಿ ನನ್ನ ಕಿವಿಯಲ್ಲಿ ಹೇಳಿದ್ದನ್ನು ನಾನು ಹಿರಿಯರ ಮುಂದೆ ಹೇಳಲಿಲ್ಲ. ಮೂರನೆಯ ಇಯತ್ತೆಯವರೆಗೆ ಕಲಿತವಳು ನಾನು. ಇಷ್ಟು ಬರೆಯಲು ಅದು ಸಾಕು.

ಆಗ ನನಗೆ ಹನ್ನೊಂದು, ಅವಳಿಗೆ ಆರು. ಅಪ್ಪನನ್ನು ಬಿಟ್ಟು ಅವ್ವ ಗಡಹಿಂಗ್ಲಜದ ತವರಿಗೆ ಹೋಗಿ ವರ್ಷವಾಗಿತ್ತು. ಮಕ್ಕಳು ಯಾರ ಕಡೆ ಇರಬೇಕೆಂದು ತೀರ್ಮಾನಿಸಲು ಇಚಲಕರಂಜಿಯ ನಮ್ಮ ಮನೆಯಲ್ಲಿ ಹಿರಿಯರು ಕೂಡಿದ್ದರು. ಅಪ್ಪ ಮಗ್ಗ ನಿಲ್ಲಿಸಿದ್ದ. ಮಗ್ಗ ನಿಂತ ದಿನ ಅವನ ಕೈ ನಮ್ಮ ಮೇಲೆ ಬೀಳುತ್ತಿತ್ತು. 

ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಬರುತ್ತಿದ್ದ ನಾನು ಅಪ್ಪನ ಕಡೆಯೇ ಎಂದು ಮೊದಲೇ ಮುಗಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಆಗ ಸೋದರಮಾವ, "ಸಣ್ಣಾಕಿನ್ನರ ಒಂದ ಮಾತ ಕೇಳ್ರಿ" ಎಂದ.

"ಗುಬ್ಬಿಮರಿ ಏನ ಹೇಳತೈತ್ರಿ ಬೀಗರ?" ಎಂದು ಹಿರಿಯರಲ್ಲೊಬ್ಬರು ನಕ್ಕರು. ಆದರೂ ಕರೆದರು. "ಬಾ ಯವ್ವಾ, ಯಾರ ಕಡೆ ಇರ್ತಿ?"

 ಗಂಡಸರನ್ನು ಕಂಡು ತಂಗಿ ನನ್ನ ಪರಕಾರದ ನೆರಿಗೆ ಹಿಡಿದು ಬೆನ್ನ ಹಿಂದೆ ಸರಿದಳು.

"ಅಂಜತೈತಿ ಕೂಸು. ಅಕ್ಕನ ಕಿವ್ಯಾಗ ಹೇಳು, ಅಕ್ಕ ನಮಗ ಹೇಳ್ತಾಳ" ಎಂದರು ಆ ಹಿರಿಯರು.

ಕಿವಿಗೆ ಬಿಸಿ ಉಸಿರು ತಾಗಿತು. "ಅವ್ವನ ಕೂಡ ಹೋಗ್ತೀನಕ್ಕಾ."

ಸೋದರಮಾವನ ಜೊತೆ ಬಂದಿದ್ದ ಅವ್ವ ಬಾಗಿಲಾಚೆ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದಳು. ಅಪ್ಪ ನನ್ನನ್ನೇ ನೋಡುತ್ತಿದ್ದ. ಇನ್ನು ಈ ಮನೆಯಲ್ಲಿ ಅವನೊಂದಿಗೆ ನಾನೊಬ್ಬಳೇ ಎಂಬುದು ಕಣ್ಣ ಮುಂದೆ ಬಂತು. "ಅಪ್ಪನ ಕಡೆ ಇರ್ತಾಳಂತ್ರಿ" ಅಂದುಬಿಟ್ಟೆ.

ತಂಗಿ ಪರಕಾರ ಬಿಟ್ಟಳು. ಎಲ್ಲಿ ಬಾಯಿ ಬಿಡುತ್ತಾಳೋ ಎಂದು ಅವಳ ಕೈ ಹಿಸುಕಿ ಹಿಡಿದೆ. ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಎದ್ದರು. ಅವ್ವ ಗಡಹಿಂಗ್ಲಜದ ಮೋಟಾರು ಹತ್ತಿದಳು.

ಅಲ್ಲಿಂದ ಅವಳ ಲಗ್ನದವರೆಗೆ ಒಂಬತ್ತು ವರ್ಷ, ಅಪ್ಪ ತಂಗಿಯ ಮೇಲೆ ಕೈ ಎತ್ತಿದಾಗಲೆಲ್ಲ, ಅಕ್ಕ ಸುಳ್ಳು ಹೇಳಿದಳೆಂದು ಇವಳು ಈಗ ಕೂಗುತ್ತಾಳೆ ಎಂದು ಹೆದರಿದೆ. ಕೂಗಲಿಲ್ಲ. ನನ್ನ ಕಿವಿಯ ಹತ್ತಿರವೂ ಮತ್ತೆ ಬರಲಿಲ್ಲ.

ಲಗ್ನವಾಗಿ ಅವಳು ಕೊಲ್ಹಾಪುರದಲ್ಲಿದ್ದಳು. ಅವ್ವ ಅಲ್ಲಿಗೆ ಬಂದಾಗ ನಾನೂ ಹೋದೆ. ಅಕ್ಕಿ ಆರಿಸುತ್ತಿದ್ದ ಅವ್ವ, "ಆವಾಗ ಸಣ್ಣಾಕಿಗೆ ನಾ ಬ್ಯಾಡಾಗಿದ್ದೆ" ಎಂದು ನಗುತ್ತಲೇ ಚುಚ್ಚಿದಳು.  ನಾನು ತಂಗಿಯ ಕಿವಿಯತ್ತ ಬಾಗಿದೆ. ಅವಳು ಸರಿದು ಕೂತಳು.

"ಕಿವ್ಯಾಗ ಬ್ಯಾಡಕ್ಕಾ. ಅವ್ವಗ ಕೇಳೂ ಹಂಗ ಹೇಳು."

ನಾನು ಅವ್ವನ ಕಡೆ ತಿರುಗಿದೆ. "ಅವ್ವಾ, ಈಕಿ ನಿನ್ನ ಕೂಡನ ಬರ್ತೀನಂದಿದ್ಲು. ನಾನ ಸುಳ್ಳ ಹೇಳಿದೆ. ಒಬ್ಬಾಕಿನ ಉಳೀತೀನಂತ ಅಂಜಿದ್ದೆ. ತಪ್ಪಾತು ತಂಗೀ. ತಪ್ಪಾತವ್ವಾ."